ಮೂರು ಬಣ್ಣದ ಉಚ್ಚಂಗಮ್ಮ

ಶಿಕಾರಿಪುರ
೧೯ ಜನವರಿ ೨೦೨೫

ನಾಗೀ,

ಡಬ್ಬಿ ಕೈಗೆ ಸಿಕ್ಕ ಕೂಡಲೇ ಮಂಡಕ್ಕಿ ಮುಕ್ಕಲು ಶುರು ಮಾಡಬೇಡ. ಮೊದಲು ಕೈಯಾಡಿಸಿ ಕುದುರೆಗಳನ್ನು ಆರಿಸಿ ತೆಗೆ. ನಮ್ಮ ಹಳೇ ಪದ್ಧತಿಯಲ್ಲೇ ತುಂಬಿದ್ದೇನೆ, ಕೆಳಗೊಂದು ಪದರ ಮಂಡಕ್ಕಿ, ಅದರ ಮೇಲೆ ಗೊಂಬೆಗಳು, ಮತ್ತೆ ಮಂಡಕ್ಕಿ. ಸೊರಬದ ಬಸ್ಸಿನ ಮಾಳೇಶಣ್ಣ "ಏನಕ್ಕಾ, ಮಂಡಕ್ಕಿ ಇಷ್ಟು ಭಾರ?" ಅಂದ. "ಗೊಂಬೆ ಇದಾವೆ, ಹುಷಾರು" ಅಂದೆ. ಸೀಟಿನ ಕೆಳಗೆ ಇಡುತ್ತೇನೆ ಅಂದಿದ್ದಾನೆ.

ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯ. ಪುಟ್ಟಿ ಒಂದು ಸೀನು ಸೀನಿದರೂ ಗೂಗಲ್ ತೆರೆದು ಕೂರುತ್ತಿದ್ದೆ ಅಂತ ನಾನೇ ಫೋನಿನ ನೆಟ್ ತೆಗೆಸಿದ್ದೇನೆ. ಕರೆ ಮಾಡಿದರೆ ನನ್ನ ದನಿಗೇ ಅವಳು ಎದ್ದುಬಿಡುತ್ತಾಳೆ. ಹಾಳೆ ಆದರೆ ಸದ್ದು ಮಾಡುವುದಿಲ್ಲ.

ವಿಷಯ ಇಷ್ಟೇ. ನನ್ನ ಪಾಲಿನ ಅರ್ಧ ಸೇನೆಯನ್ನು ಕಳಿಸಿದ್ದೇನೆ. ನೀನೇ ಇಟ್ಟುಕೋ, ಇಲ್ಲ ಯಾರಾದರೂ ಆಡುವವರಿಗೆ ಕೊಡು. ಪುಟ್ಟಿಗೆ ಏಳು ತಿಂಗಳು ತುಂಬಿತು, ಅಂಬೆಗಾಲಿಡುತ್ತಾಳೆ. ಮನೆ ಚಿಕ್ಕದು, ಬೆರಳುದ್ದದ ಗೊಂಬೆಗಳನ್ನು ಎಲ್ಲಿ ಅಂತ ಇಡಲಿ? ನಮ್ಮ ನಾಯಕಿ ಉಚ್ಚಂಗಮ್ಮನನ್ನು ಮಾತ್ರ ನಾನೇ ಇಟ್ಟುಕೊಂಡಿದ್ದೇನೆ. ನೆನಪಿಗೆ.

ಮದುವೆಗೆ ಮುಂಚೆ ನಮ್ಮನೆಯವರಿಗೆ ಈ ಆಟ ವಿವರಿಸಿದ್ದು ನೆನಪಾಯಿತು. ದೊಡ್ಡ ಮೇಜು, ಎರಡು ಕಡೆ ಎರಡು ಸೇನೆ. ಟೇಪು ಹಿಡಿದು ಇಂಚು ಅಳೆದು ಗೊಂಬೆಗಳನ್ನು ನಡೆಸಬೇಕು, ದಾಳ ಹಾಕಿ ಹೊಡೆದಾಡಿಸಬೇಕು, ಟೂರ್ನಮೆಂಟಿಗೆ ಬೆಂಗಳೂರಿಗೆ ಹೋಗಬೇಕು ಅಂತೆಲ್ಲ ಅರ್ಧ ಗಂಟೆ ಹೇಳಿದೆ. ಪೂರ್ತಿ ಕೇಳಿ ತೀರ್ಥೇಶ್ ಅಂದದ್ದು: "ಓ, ಚೌಕಾಬಾರ ಇದ್ದಂಗೆ." ಪಾಪ, ಇವತ್ತಿಗೂ ಒಂದು ಸಲ ಈ ಡಬ್ಬಿಯ ಮುಚ್ಚಳ ತೆಗೆದು ನೋಡಿದವರಲ್ಲ. ಅತ್ತೆಯಂತೂ ಅದರಲ್ಲಿ ನನ್ನ ಹೊಲಿಗೆ ಸಾಮಾನಿದೆ ಅಂದುಕೊಂಡಿದ್ದಾರೆ.

ನಾವೆಲ್ಲ ಚೆನ್ನಾಗಿದ್ದೇವೆ. ಡಬ್ಬಿ ತಲುಪಿದ್ದಕ್ಕೆ ಮಾಳೇಶಣ್ಣನ ಕೈಲಿ ಒಂದು ಮಾತು ಹೇಳಿ ಕಳಿಸು.

ನಿನ್ನ
ಸ್ಪಂದೂ


ಕುಪ್ಪಗಡ್ಡೆ
೨೪ ಜನವರಿ

ಸ್ಪಂದನ ಮೇಡಂ ಅವರಿಗೆ,

ಡಬ್ಬಿ ತಲುಪಿದೆ. ಮಾಳೇಶಣ್ಣ ದಾರಿಯಲ್ಲಿ ಒಂದು ಮುಷ್ಟಿ ತಿಂದಿದ್ದಾನೆ. ನಿನ್ನ ಬಿಲ್ಲುಗಾರ ಹಲ್ಲಿಗೆ ಸಿಕ್ಕನಂತೆ. "ಅಕ್ಕಾ, ನಿಮ್ಮ ಮಂಡಕ್ಕಿಯೊಳಗೆ ಮನುಷ್ಯ ಇದಾನೆ" ಅಂತ ಬಸ್ ಸ್ಟ್ಯಾಂಡಲ್ಲಿ ಎಲ್ಲರೆದುರು ಕೂಗಿದ. ಈ ಊರಲ್ಲಿ ನಾನು ಗ್ರಾಮ ಆಡಳಿತಾಧಿಕಾರಿ ಕಣೇ. ಪಹಣಿ ತಿದ್ದಿಸಿಕೊಳ್ಳಲು ಬಂದವರೆಲ್ಲ ಈಗ ನನ್ನ ಮುಖ ನೋಡಿ ನಗುತ್ತಾರೆ.

ಈಗ ನಿಜ ಹೇಳು. ಈ ಡಬ್ಬಿ ಕಳಿಸು ಅಂದವರು ಯಾರು? ನಿಮ್ಮ ಅತ್ತೆ ತಾನೇ? "ಮಗು ಹೆತ್ತ ಮೇಲೂ ಗೊಂಬೆ ಆಟವೇನು" ಅಂದಿರಬೇಕು. ನಾಮಕರಣಕ್ಕೆ ಬಂದಾಗಲೇ ನೋಡಿದೆ, ಮೂಕಮ್ಮನವರು ನಿನ್ನ ಕೈಯಿಂದ ಮಗುವನ್ನು ಎತ್ತಿಕೊಂಡು ಒಳಗೆ ಹೋದದ್ದು. ನೀನು ಬಾಯಿ ಬಿಡಲಿಲ್ಲ. ಹಾಸ್ಟೆಲ್ ವಾರ್ಡನ್‌ಗೆ ಎದುರು ಮಾತಾಡಿದ ಸ್ಪಂದೂ ಎಲ್ಲಿ ಹೋದಳು ಮಾರಾಯ್ತಿ?

ಆದರೂ ನೀನು ಒಂದು ಸುಳಿವು ಬಿಟ್ಟಿದ್ದೀಯ. ಉಚ್ಚಂಗಮ್ಮನನ್ನು ಇಟ್ಟುಕೊಂಡಿದ್ದೀಯ! ನಾಯಕಿಯನ್ನು ಕೈಲಿಟ್ಟುಕೊಂಡವಳು ಆಟ ಬಿಟ್ಟವಳಲ್ಲ. ಅದಕ್ಕೇ ಡಬ್ಬಿ ವಾಪಸ್ ಕಳಿಸುತ್ತಿದ್ದೇನೆ, ಮಂಡಕ್ಕಿ ಹೊಸದು.

ಕೇಳು. ಮಾರ್ಚ್ ಹದಿನಾರು, ಭಾನುವಾರ. ಶಿವಮೊಗ್ಗದಲ್ಲೇ ಟೂರ್ನಮೆಂಟು, ಒಂದು ಕಲ್ಯಾಣ ಮಂಟಪದ ಊಟದ ಹಾಲಿನಲ್ಲಿ. ಇಬ್ಬರಿಬ್ಬರ ಜೋಡಿ, ಒಬ್ಬೊಬ್ಬರದು ಅರ್ಧರ್ಧ ಸೇನೆ. ನಮಗೆಂದೇ ಮಾಡಿದ ಹಾಗಿದೆ. ಡಿಸೆಂಬರಿನಲ್ಲೇ ನಿನ್ನನ್ನು ಕೇಳದೆ ನಿನ್ನ ಹೆಸರೂ ಬರೆಸಿದ್ದೇನೆ, ಬೈಯಬೇಡ. ನಿಯಮ ಒಂದೇ ಬಿಗಿ: ಪ್ರತಿ ಗೊಂಬೆಯ ಮೇಲೂ ಕಡಿಮೆಯೆಂದರೆ ಮೂರು ಬಣ್ಣ ಇರಬೇಕು, ಇಲ್ಲದಿದ್ದರೆ ಮೇಜಿಗೆ ಬಿಡುವುದಿಲ್ಲ. ನಾಯಕ ಮೇಜಿಗೆ ಬರದಿದ್ದರೆ ಸೇನೆಯೇ ಇಲ್ಲ. ಉಚ್ಚಂಗಮ್ಮನ ಹಳೇ ಬಣ್ಣ ಕೆರೆದು, ನೀನು ಬಸುರಿಯಾದಾಗ ಹೊಸದು ಹಚ್ಚುವುದನ್ನು ಬಿಟ್ಟೆಯಲ್ಲ, ಇನ್ನೂ ಬೂದು ಬಣ್ಣದಲ್ಲೇ ಇದ್ದಾಳಾ? ಮುಗಿಸು.

ನಾನು ಎರಡು ವಾರಕ್ಕೊಮ್ಮೆ ಶಿವಮೊಗ್ಗಕ್ಕೆ ಹೋಗಿ ಹುಡುಗರ ಜೊತೆ ಆಡುತ್ತಿದ್ದೇನೆ. ಹೆಚ್ಚೂಕಡಿಮೆ ಎಲ್ಲಾ ಗೆಲ್ಲುತ್ತಿದ್ದೇನೆ. ಕೈ ತುಕ್ಕು ಹಿಡಿದಿರುವುದು ನಿನ್ನದು.

ನಾಗವೇಣಿ


ಶಿಕಾರಿಪುರ
೨ ಫೆಬ್ರವರಿ

ನಾಗೀ,

ಅತ್ತೆಯನ್ನು ಬೈದು ಬರೆಯಬೇಡ. ಅವರು ಏನೂ ಅಂದಿಲ್ಲ. ಡಬ್ಬಿಯನ್ನು ತೆರೆಯದೆ ಹಾಗೇ ಬೀರುವಿನ ಮೇಲೆ ಇಟ್ಟಿದ್ದೇನೆ. ಮಾರ್ಚ್ ಮಾತು ಈಗ ಬೇಡ.

ಆದರೂ ನಿನ್ನ ಪತ್ರ ಓದಿದ ಮೇಲೆ ಒಂದೊಂದೇ ನೆನಪಾಗುತ್ತಿದೆ. ಪುಟ್ಟಿ ಮಲಗಿದಾಗ ನೀನೂ ಮಲಗು ಅಂತ ಎಲ್ಲರೂ ಹೇಳುತ್ತಾರೆ. ಅವಳು ಮಲಗಿದಾಗಲೇ ಅಲ್ಲವೇ ಎದೆ ಏರಿಳಿಯುತ್ತಿದೆಯಾ ಅಂತ ನೋಡಬೇಕಾದದ್ದು? ಹಾಗೆ ನೋಡುತ್ತಾ ಕೂತಾಗ ಬಂದಳಿಕೆ ಊರು ಕಣ್ಣ ಮುಂದೆ ಬರುತ್ತೆ. ಸೆಕೆಂಡ್ ಇಯರ್ ರಜೆ. ನೀನು ಸೊರಬದಿಂದ, ನಾನು ಆನವಟ್ಟಿಯಿಂದ ಬಂದು ಶಿರಾಳಕೊಪ್ಪದಲ್ಲಿ ಸೇರಿದ್ದು. ಬೆಂಗಳೂರಿನ ಸೀನಿಯರ್ ಬಿಟ್ಟುಹೋಗಿದ್ದ ನಿಯಮದ ಪುಸ್ತಕದಲ್ಲಿ ಸತ್ತು ಎದ್ದು ಬಂದವರ ಸೇನೆ ಅಂತ ಒಂದಿತ್ತು, ಬರೀ ಅಸ್ಥಿಪಂಜರಗಳು. ನೀನು ಆ ಹಾಳು ಬಸದಿಯ ಹತ್ತಿರದ ವೀರಗಲ್ಲುಗಳ ಮುಂದೆ ನಿಂತು, "ಲೇ, ನಮ್ಮೂರಲ್ಲಿ ಸತ್ತವರು ಇಷ್ಟು ಚೆನ್ನಾಗಿದ್ದಾರೆ. ನಾವ್ಯಾಕೆ ಆ ಮೂಳೆ ಚಕ್ಕಳ ಕೊಳ್ಳಬೇಕು?" ಅಂದೆ. ಪೈಪು ಸೋರಿದರೆ ಮೆತ್ತುವ ಎಂ-ಸೀಲ್‌ನಲ್ಲಿ ಅವತ್ತೇ ರಾತ್ರಿ, ಆ ಕಲ್ಲುಗಳಲ್ಲಿ ಕೆತ್ತಿದ್ದ ಹಾಗೆ, ಮೊದಲ ಎತ್ತು ಮಾಡಿದೆವು. ಹಂದಿಯ ಹಾಗೆ ಬಂತು. ಇವತ್ತಿಗೂ ಅದರ ಹೆಸರು ಹಂದಿಯೆತ್ತು.

ಆಮೇಲೆ ಮಾಸ್ತಿಕಲ್ಲು. ಬಳೆ ತೊಟ್ಟ ಒಂದು ಕೈ ಮಾತ್ರ ಮೇಲೆದ್ದು ನಿಂತಿರುವ ಕಲ್ಲು. ಗಂಡನ ಜೊತೆ ಬೆಂಕಿಗೆ ಹೋದವಳ ಗುರುತು ಅದು ಅಂತ ನಾನು ಹೇಳಿದ್ದಕ್ಕೆ ನೀನು, "ನಮ್ಮವಳು ಹೋಗಲ್ಲ. ಅರ್ಧ ದಾರಿಯಿಂದ ವಾಪಸ್ ಬರ್ತಾಳೆ" ಅಂದೆ. ಅಷ್ಟು ಧೈರ್ಯದ ಹೆಂಗಸಿಗೆ ನಮಗೆ ಗೊತ್ತಿದ್ದ ಹೆಸರು ಒಂದೇ. ಹಾಸ್ಟೆಲ್ ಅಡುಗೆಯ ಉಚ್ಚಂಗಮ್ಮ. ಸೌಟು ಎತ್ತಿ ನಿಂತರೆ ವಾರ್ಡನ್ನೂ ತಟ್ಟೆ ಹಿಡಿದು ಸಾಲಲ್ಲಿ ಬರುತ್ತಿದ್ದಳು.

ಬೆಂಗಳೂರಿನ ಮೊದಲ ಟೂರ್ನಮೆಂಟು ನೆನಪಿದೆಯಾ? ಎಲ್ಲರೂ ಸ್ಪಂಜು ಕತ್ತರಿಸಿದ ಪೆಟ್ಟಿಗೆಗಳಿಂದ ಗೊಂಬೆ ತೆಗೆಯುತ್ತಿದ್ದರೆ ನಾವು ಮಂಡಕ್ಕಿಯೊಳಗಿಂದ ತೆಗೆದೆವು. ಎದುರು ಆಡಿದ ಹುಡುಗ ಮೊದಲು ನಕ್ಕ, ಎರಡನೇ ಸುತ್ತಿನ ಹೊತ್ತಿಗೆ ಮಂಡಕ್ಕಿ ಕೇಳಿ ಈಸಿಕೊಂಡು ತಿಂದ. ಸತ್ತ ಗೊಂಬೆಗಳನ್ನು ಎಲ್ಲರೂ ಡಬ್ಬಿಗೆ ಎಸೆಯುತ್ತಿದ್ದರು. ನಾವು ಮಾತ್ರ ಮೇಜಿನ ಅಂಚಿನಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದೆವು. ವೀರಗಲ್ಲು ಮಲಗಿಸಬಾರದು ಅಂತ. ಆಟ ಮುಗಿಯುವ ಹೊತ್ತಿಗೆ ಮೇಜಿನ ಮೇಲೆ ಯಾರೂ ಇಲ್ಲ, ಅಂಚಿನಲ್ಲಿ ಇಡೀ ಸೇನೆ! ಎಷ್ಟು ಚೆಂದ ಸೋತಿದ್ದೆವು.

ಒಂದು ಕೇಳಲೇ? ಉಚ್ಚಂಗಮ್ಮನ ಎತ್ತಿದ ಕೈಯೊಳಗೆ ತಂತಿ ಹಾಕಿದ್ದು ನೀನು. ಎಂಥ ತಂತಿ? ಕೈ ಗಟ್ಟಿಯಾಗಿದೆಯಾ? ಸುಮ್ಮನೆ ಕೇಳಿದೆ.

ಸ್ಪಂದೂ


ಕುಪ್ಪಗಡ್ಡೆ
೭ ಫೆಬ್ರವರಿ

ಸ್ಪಂದೂ,

ಗೊತ್ತಾಯಿತು, ಗೊತ್ತಾಯಿತು! ಕೈ ಮುರಿದುಕೊಂಡು ಕೂತಿದ್ದೀಯ, ಬಣ್ಣ ಹಚ್ಚಲು ಹೋಗಿ. "ಮಾರ್ಚ್ ಮಾತು ಬೇಡ" ಅಂತ ಮೇಲೆ ಮೇಲೆ, ಒಳಗೊಳಗೇ ಕುಂಚ!

ತಂತಿ ಹಾಸ್ಟೆಲ್ಲಿನ ಸುಟ್ಟುಹೋದ ಇಸ್ತ್ರಿಪೆಟ್ಟಿಗೆಯ ವೈರಿನದು, ತಾಮ್ರ. ಭುಜದ ಹತ್ತಿರ ಒಳಗೆ ಸರಿಯಾಗಿ ಕೂರಲೇ ಇಲ್ಲ. ನಮ್ಮ ಇಡೀ ಸೇನೆಯಲ್ಲಿ ಆ ಕೈಯಷ್ಟು ಪೊಳ್ಳು ಜಾಗ ಇನ್ನೊಂದಿಲ್ಲ, ಗಾಳಿ ಬೀಸಿದರೆ ಕಳಚುತ್ತೆ. ಬಿದ್ದಿದ್ದರೆ ಫೆವಿಕ್ವಿಕ್ ಒಂದು ಹನಿ ಹಾಕು, ಮುಗೀತು. ಬಳೆಗೆ ಹಸಿರು ಹಚ್ಚು.

ನಿನ್ನ ಕುದುರೆಗಳು ಈ ಸಲ ನನ್ನ ಕಾಲಾಳುಗಳ ಜಾಗ ಒತ್ತುವರಿ ಮಾಡಿದರೆ ಟೇಪು ಹಿಡಿದು ಹದ್ದುಬಸ್ತು ಮಾಡಿಸುತ್ತೇನೆ, ನೆನಪಿರಲಿ. ಸರ್ಕಾರಿ ಸೀಲು ನನ್ನ ಹತ್ತಿರವೇ ಇದೆ.

ನಾಗಿ


ಶಿಕಾರಿಪುರ
೧೧ ಫೆಬ್ರವರಿ

ನಾಗೀ,

ಉಚ್ಚಂಗಮ್ಮ ನನ್ನ ಹತ್ತಿರ ಇಲ್ಲ.

ನೆನಪಿಗೆ ಇಟ್ಟುಕೊಂಡಿದ್ದೇನೆ ಅಂತ ಬರೆದದ್ದು ಸುಳ್ಳು. ಸಂಕ್ರಾಂತಿಯ ಮಾರನೇ ದಿನ ಮಧ್ಯಾಹ್ನ ಪುಟ್ಟಿ ಮಲಗಿದ್ದಳು. ಆಸೆಯಾಗಿ ಡಬ್ಬಿ ಇಳಿಸಿ, ಗೊಂಬೆಗಳನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದೆ. ಅವಳು ಎದ್ದು ಅತ್ತಳು, ಗಡಿಬಿಡಿಯಲ್ಲಿ ಎಲ್ಲಾ ಬಾಚಿ ಡಬ್ಬಿಗೆ ಹಾಕಿ ಎದ್ದೆ. ಸಂಜೆ ನೋಡಿದರೆ ಉಚ್ಚಂಗಮ್ಮ ಇಲ್ಲ. ಪುಟ್ಟಿ ಅಷ್ಟು ಹೊತ್ತೂ ನೆಲದ ಮೇಲೆ ಆಡುತ್ತಿದ್ದಳು. ಅವಳ ಕೈಗೆ ಸಿಕ್ಕಿದ್ದು ಬಾಯಿಗೆ.

ಮನೆಯವರಿಗೆ ಗೊಂಬೆ ಅನ್ನಲಿಲ್ಲ, "ತಂತಿ ಚೂರೊಂದು ಬಿದ್ದಿತ್ತು, ನುಂಗಿದ್ದಾಳೇನೋ" ಅಂದೆ. ಮಗು ನೋಡಿಕೊಳ್ಳುವುದು ಬಿಟ್ಟು ಗೊಂಬೆ ಆಡುತ್ತಿದ್ದಳು ಅಂತಾಗುತ್ತಲ್ಲ. ಯಾರೂ ಹಾಗೆ ಅನ್ನುವವರಲ್ಲ. ಆದರೂ ಅನ್ನುತ್ತಾರೆ ಅನಿಸಿತು. ಅತ್ತೆ ಟಾರ್ಚು ಹಿಡಿದು, ಮಂಡಿಯೂರಿ, ಮಂಚದ ಕೆಳಗೆಲ್ಲ ತಂತಿ ಹುಡುಕಿದರು. ಎಕ್ಸ್‌ರೇ ಆಯಿತು. ಹೊಟ್ಟೆಯಲ್ಲಿ ಏನೂ ಇಲ್ಲ ಅಂದರು ಡಾಕ್ಟರು. ಪುಟ್ಟಿ ನಗುತ್ತಾಳೆ, ರಾಗಿ ಸರಿ ಕುಡಿಯುತ್ತಾಳೆ. ಆದರೆ ಗೊಂಬೆ ಎಲ್ಲಿ ಹೋಯಿತು ನಾಗೀ? ಸಿಗಲಿಲ್ಲ ಅಂದರೆ ಎಲ್ಲೋ ಇರಲೇಬೇಕಲ್ಲ?

ಕೈ ಗಾಳಿಗೆ ಕಳಚುತ್ತೆ ಅಂತ ನೀನು ಬರೆದದ್ದು ಓದಿ ಮತ್ತೆ ಆಸ್ಪತ್ರೆಗೆ ಓಡಿದೆ. ಗೊಂಬೆ ನುಂಗದಿದ್ದರೂ ಕೈಯನ್ನು ನುಂಗಿರಬಹುದಲ್ಲ. ಡಾಕ್ಟರು ಎರಡನೇ ಎಕ್ಸ್‌ರೇ ಬರೆಯಲಿಲ್ಲ. ಪೆನ್ನು ಕೆಳಗಿಟ್ಟು, "ಮಗು ಚೆನ್ನಾಗಿದೆಯಮ್ಮ. ನೀವು ಮಲಗಿ ಎಷ್ಟು ದಿನ ಆಯ್ತು?" ಅಂದರು. ನಾನು ಉತ್ತರ ಹೇಳದೆ ಎದ್ದು ಬಂದೆ.

ನನ್ನ ಹೆಸರು ತೆಗೆಸು. ಆಟಕ್ಕೆ ಹೋಗಲು ಇವಳನ್ನು ಇನ್ನೊಬ್ಬರ ಕೈಲಿ ಕೊಡಬೇಕು. ನನ್ನ ಕೈಲಿ ಅದಾಗುವುದಿಲ್ಲ. ಸ್ನಾನಕ್ಕೆ ಹೋದರೂ ಬಾಗಿಲು ಅರ್ಧ ತೆರೆದೇ ಇಟ್ಟಿರುತ್ತೇನೆ.

ಸ್ಪಂದನ


ಕುಪ್ಪಗಡ್ಡೆ
೧೪ ಫೆಬ್ರವರಿ

ಸ್ಪಂದೂ,

ಮಾಳೇಶಣ್ಣನನ್ನು ತಡೆದು ನಿಲ್ಲಿಸಿಕೊಂಡು, ಬಸ್ಸಿನ ಮೆಟ್ಟಿಲ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಅವನು ಡ್ರೈವರಿಗೆ "ಸರ್ಕಾರಿ ಅರ್ಜೆಂಟು" ಅಂತ ಹೇಳಿದ್ದಾನೆ.

ಮೊದಲನೆಯದು. ಉಚ್ಚಂಗಮ್ಮ ನಿಂತಿರುವುದು ಸೋಡಾ ಬಾಟಲಿಯ ಮುಚ್ಚಳದ ಮೇಲೆ. ನಾನೇ ಅಂಟಿಸಿದ್ದು. ಅದನ್ನು ನಿನ್ನ ಮಗಳಲ್ಲ, ನಮ್ಮ ಹಂದಿಯೆತ್ತೂ ನುಂಗಲಾರದು. ಇನ್ನು ಕೈಯೊಳಗೆ ತಾಮ್ರ ಇದೆ, ಒಳಗೆ ಹೋಗಿದ್ದರೆ ಎಕ್ಸ್‌ರೇಯಲ್ಲಿ ಬೆಳ್ಳಗೆ ಹೊಳೆಯುತ್ತಿತ್ತು. ಹೊಳೆಯಲಿಲ್ಲ. ಗಾಳಿಗೆ ಕಳಚುತ್ತೆ ಅಂತ ತಮಾಷೆಗೆ ಬರೆದೆ. ನನ್ನ ಬಾಯಿಗೆ ಮಣ್ಣು ಬೀಳಲಿ.

ಎರಡನೆಯದು. ನನ್ನ ಕೆಲಸದಲ್ಲಿ ಗಡಿಕಲ್ಲು ಕಾಣೆಯಾದ ದೂರುಗಳು ಬರುತ್ತಲೇ ಇರುತ್ತವೆ. ಪಕ್ಕದ ಹೊಲದವ ಕಿತ್ತ, ಕಳ್ಳ ಒಯ್ದ ಅಂತೆಲ್ಲ. ಹೋಗಿ ನೋಡಿದರೆ ಎಷ್ಟೋ ಸಲ ಆ ಮನೆಯ ಅಜ್ಜಿಗೆ ಮಾತ್ರ ಗೊತ್ತಿರುತ್ತೆ. ಯಾರೂ ಅವಳನ್ನು ಕೇಳಿಯೇ ಇರುವುದಿಲ್ಲ. ನಿಮ್ಮ ಮನೆಯಲ್ಲಿ ಕಸ ಗುಡಿಸುವವರು ಯಾರು? ಅವರಿಗೆ ನೀನು ತಂತಿ ಹುಡುಕಲು ಹೇಳಿದ್ದೀಯ. ಅವರು ತಂತಿಯನ್ನೇ ಹುಡುಕಿದ್ದಾರೆ. ಗೊಂಬೆ ಅಂತ ಹೇಳಿ ಕೇಳು ಮಾರಾಯ್ತಿ. ನಾನು ಮೂಕಮ್ಮನವರ ಬಗ್ಗೆ ಬರೆದದ್ದೆಲ್ಲ ಹೊಡೆದುಹಾಕು.

ಡಾಕ್ಟರು ಕೇಳಿದ ಪ್ರಶ್ನೆಗೆ ಹೋಗಿ ಉತ್ತರ ಹೇಳು. ತೀರ್ಥೇಶ್ ಜೊತೆ ಹೋಗು. ಬಾಣಂತನದ ಭಯ ಹೀಗೆ ಹಿಡಿದುಕೊಳ್ಳುವುದು ನಿನಗೊಬ್ಬಳಿಗೇ ಅಲ್ಲ. ನಮ್ಮ ಅಕ್ಕನಿಗೂ ಹೀಗೇ ಆಗಿತ್ತು, ಔಷಧಿಯಿಂದ ಇಳಿಯಿತು.

ಕೊನೆಯದು. ಶಿವಮೊಗ್ಗದ ಹುಡುಗರು ಚದುರಿ ಹೋಗಿ ಒಂದೂವರೆ ವರ್ಷವಾಯಿತು. ನಾನು ಯಾರ ಜೊತೆಯೂ ಆಡುತ್ತಿಲ್ಲ. ಸಂಜೆ ಆಫೀಸು ಖಾಲಿಯಾದ ಮೇಲೆ ಮೇಜಿನ ಮೇಲಿನ ಕಡತ ಸರಿಸಿ, ನನ್ನ ಅರ್ಧವನ್ನು ಈಚೆ ನಿಲ್ಲಿಸಿ, ಆಚೆ ಸ್ಟಾಂಪ್ ಪ್ಯಾಡು, ಗುಂಡುಸೂಜಿ ಡಬ್ಬಿ, ಟೀ ಲೋಟ ನಿಲ್ಲಿಸಿ ಎರಡೂ ಕಡೆ ನಾನೇ ಆಡುತ್ತೇನೆ. ಟೀ ಲೋಟ ಚೆನ್ನಾಗಿ ಆಡುತ್ತೆ. ನಿನ್ನಷ್ಟಲ್ಲ.

ಹೆಸರು ತೆಗೆಸುವುದಿಲ್ಲ. ಬರದಿದ್ದರೂ ಪರವಾಗಿಲ್ಲ, ಹೆಸರು ಇರಲಿ. ಮೊದಲು ಗೊಂಬೆ ಕೇಳು.

ನಾಗಿ


ಶಿಕಾರಿಪುರ
೨೩ ಫೆಬ್ರವರಿ

ನಾಗೀ,

ಕೇಳಿದೆ.

ನಿನ್ನ ಪತ್ರ ಬಂದ ಮೇಲೂ ಧೈರ್ಯ ಬರಲು ದಿನ ಹಿಡಿಯಿತು. ಮೊನ್ನೆ ಅತ್ತೆ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ಪುಟ್ಟಿ ಅವರ ಕಾಲಮೇಲಿದ್ದಳು. ನಾನು ಹೋಗಿ ಎದುರು ಕೂತೆ.

"ಅತ್ತೆ, ಅವತ್ತು ಕಳೆದದ್ದು ತಂತಿ ಅಲ್ಲ. ಒಂದು ಗೊಂಬೆ."

"ಎಂಥ ಗೊಂಬೆ?"

"ಇಷ್ಟುದ್ದ. ಒಂದು ಕೈ ಮೇಲೆತ್ತಿದಾಳೆ. ಕೈತುಂಬ ಬಳೆ."

ಅವರ ಕೈ ನಿಂತಿತು. "ಯವ್ವಾ," ಅಂದರು, "ಅದು ಗೊಂಬೆಯೇನು?"

ಎದ್ದು ದೇವರ ಮನೆಗೆ ನಡೆದರು, ನಾನೂ ಹಿಂದೆ ಹೋದೆ. ಬಾಣಂತನದಲ್ಲಿ ಹೋಗದೆ ರೂಢಿ ತಪ್ಪಿತ್ತು, ಆ ಬಾಗಿಲು ದಾಟಿ ಎಷ್ಟು ದಿನವಾಗಿತ್ತೋ. ಉಚ್ಚಂಗಮ್ಮ ದೀಪದ ಪಕ್ಕದಲ್ಲಿ, ವೀಳ್ಯದೆಲೆಯ ಮೇಲೆ ನಿಂತಿದ್ದಳು. ಮೈತುಂಬ ಅರಿಶಿನ, ಹಣೆಗೆ ಕುಂಕುಮ, ಸೊಂಟಕ್ಕೆ ವಿಭೂತಿಯ ಗೆರೆ. ಎರಡು ಸೇವಂತಿಗೆ ಹೂವು ಅವಳಿಗಿಂತ ದೊಡ್ಡವಿದ್ದವು. ಕೈ ಗಟ್ಟಿಯಾಗಿ ಮೇಲೆದ್ದೇ ಇತ್ತು.

"ತೊಟ್ಟಿಲ ಕೆಳಗೆ ಕಸ ಹೊಡೆಯಾಕೆ ಹೋದ್ರೆ ಮಾಸ್ತಮ್ಮ ನಿಂತಾಳೆ," ಅಂದರು. "ಬಂದಳಿಕೆ ಹೊಲದಾಗೆ ನಮ್ಮ ಮಾಸ್ತಮ್ಮನ ಕಲ್ಲಿಲ್ಲೇನು, ಹಂಗೇ ಕೈ, ಹಂಗೇ ಬಳೆ. ನಾನು ಹರಕೆ ಕಟ್ಕಂಡಿದ್ದೆ ಕಣವ್ವಾ. ಬಂದೇಬಿಟ್ಲು ಅನ್ಕಂಡೆ."

"ಏನು ಹರಕೆ ಅತ್ತೆ?"

"ಇನ್ನೇನು? ನಿನಗೆ ನಿದ್ದೆ ಬರ್ಲಿ ಅಂತ."

ನಾನು ತಂತಿ ಅಂತ ಅತ್ತು ಹುಡುಕಿಸುವಾಗ ಉಚ್ಚಂಗಮ್ಮ ಆಗಲೇ ದೀಪದ ಪಕ್ಕ ನಿಂತಿದ್ದಳು ನಾಗೀ. ಅತ್ತೆ ಅವಳಿಗೇ ಕೈಮುಗಿದು, ತಂತಿ ಸಿಗಲಿ ಅಂತ ಬೇಡಿಕೊಂಡು ಬಂದು ಮಂಚದ ಕೆಳಗೆ ಟಾರ್ಚು ಬಿಟ್ಟಿದ್ದರು. "ನನಗ್ಯಾಕೆ ಹೇಳಲಿಲ್ಲ?" ಅಂದೆ. "ನೀನು ಓದಿದೋಳು. ನಕ್ಕಬಿಡ್ತೀಯ ಅಂತ," ಅಂದರು. ಅವರು ನಾನು ನಗುತ್ತೇನೆಂದು ಹೆದರಿದ್ದರು, ನಾನು ಅವರು ಬೈಯುತ್ತಾರೆಂದು. ಇಬ್ಬರೂ ದೇವರ ಮನೆಯ ನೆಲದ ಮೇಲೆ ಕೂತೆವು. ಪುಟ್ಟಿ ಹೂವು ಕೀಳಲು ಹೋದಳು.

ಆಮೇಲೆ ಎಲ್ಲಾ ಹೇಳಿದೆ. ಬಂದಳಿಕೆ, ಹಾಸ್ಟೆಲು, ಬೆಂಕಿಗೆ ಹೋಗದೆ ವಾಪಸ್ ಬಂದವಳ ಕತೆ. ಅದಕ್ಕೆ ಮಾತ್ರ ದೀಪದ ಬತ್ತಿ ಸರಿಮಾಡುತ್ತಾ, "ಬರ್ಲಿ ಬಿಡು. ಒಳ್ಳೇದಾತು," ಅಂದರು. ಆದರೆ ಅವಳನ್ನು ಡಬ್ಬಿಗೆ ಹಾಕಲು ಒಪ್ಪುವುದಿಲ್ಲ. "ದೀಪ ಕಂಡೋಳನ್ನ ಮಂಡಕ್ಕಿಯಾಗೆ ಹಾಕ್ತೀಯೇನು?" ಅಂತ ಗದರಿದರು. ಶಿವಮೊಗ್ಗದ ಆಟದ ವಿಷಯ ಹೇಳಿದ್ದಕ್ಕೆ ಯೋಚನೆ ಮಾಡಿ, "ಯುದ್ಧಕ್ಕೇ ಹೋಗೋಳಾದ್ರೆ ತಡೆಯಾಕೆ ನಾನ್ಯಾರು. ನಾನೂ ಬರ್ತೀನಿ. ನನ್ನ ಸೆರಗಿನಾಗೆ ಬರ್ತಾಳೆ," ಅಂದರು.

ಡಾಕ್ಟರ ಹತ್ತಿರ ನಮ್ಮನೆಯವರ ಜೊತೆ ಹೋಗಿ ಬಂದೆ. ಉತ್ತರ ಹೇಳಿದೆ. ಮಾತ್ರೆ ಕೊಟ್ಟಿದ್ದಾರೆ, ಮತ್ತೆ ಬರಲು ಹೇಳಿದ್ದಾರೆ. ಗೊಂಬೆ ಸಿಕ್ಕಿತಲ್ಲ, ಭಯವೂ ಹೋಗಬೇಕಿತ್ತು. ಹೋಗಿಲ್ಲ. ಈಗ ಬೇರೆ ಬೇರೆ ಜಾಗದಲ್ಲಿ ಹುಡುಕುತ್ತೆ.

ಮಾರ್ಚಿಗೆ ಬರುತ್ತೇನೆ ಅಂತ ಹೇಳಲಾರೆ.

ಸ್ಪಂದೂ


ಕುಪ್ಪಗಡ್ಡೆ
೨೮ ಫೆಬ್ರವರಿ

ಸ್ಪಂದೂ,

ಹೇಳಬೇಡ. ಬಾ. ಮಂಡಕ್ಕಿ ನಾನು ತರುತ್ತೇನೆ, ತಿನ್ನಲಿಕ್ಕೆ ಬೇರೆ, ಸೇನೆಗೆ ಬೇರೆ.

ಮೂಕಮ್ಮನವರ ಕಾಲಿಗೆ ನನ್ನದೊಂದು ನಮಸ್ಕಾರ ಹಾಕು. ಆದರೆ ಅವರಿಗೆ ಗೊತ್ತಾಗದ ಹಾಗೆ ಉಚ್ಚಂಗಮ್ಮನನ್ನು ತೊಳೆದು ಬಣ್ಣ ಹಚ್ಚು. ಮೂರು ಬಣ್ಣ, ನಿಯಮ ಅಂದರೆ ನಿಯಮ.

ನಾಗಿ


ಶಿಕಾರಿಪುರ
೧೮ ಮಾರ್ಚ್

ನಾಗೀ,

ನೀನು ಸೊರಬದ ಬಸ್ಸು ಹತ್ತಿ ಎರಡು ದಿನವಾಯಿತು. ಹೇಳಲು ಉಳಿ‌ದದ್ದನ್ನೆಲ್ಲ ಬರೆಯುತ್ತಿದ್ದೇನೆ.

ಮೊದಲ ಸುತ್ತಿಗೆ ಮುಂಚೆ ಪುಟ್ಟಿ ಅಳಲು ಶುರು ಮಾಡಿದ್ದಕ್ಕೆ ನೀನು ಅವಳನ್ನೂ ಅತ್ತೆಯನ್ನೂ ಕರೆದುಕೊಂಡು ಹೊರಗೆ ಹೋದೆಯಲ್ಲ, ಆಗ ತೀರ್ಪುಗಾರ ಬಂದ. ಕಪ್ಪು ಟೀ ಶರ್ಟಿನ ಆ ರೇಣುಕಾಪ್ರಸಾದ್. ನಿನಗೆ ಹೇಳಿರಲಿಲ್ಲ, ನಾನು ಉಚ್ಚಂಗಮ್ಮನಿಗೆ ಬಣ್ಣ ಹಚ್ಚಿರಲಿಲ್ಲ. ಒಂದು ದಿನ ಕುಂಚ ಹಿಡಿದು ದೇವರ ಮನೆ ಬಾಗಿಲ ತನಕ ಹೋಗಿದ್ದೆ. ಅತ್ತೆ ಆಗಷ್ಟೇ ಹೊಸ ಅರಿಶಿನ ಹಚ್ಚಿ ಕಣ್ಣು ಮುಚ್ಚಿ ಕೂತಿದ್ದರು. ತೊಳೆಯಲು ಮನಸ್ಸು ಬರಲಿಲ್ಲ. ನಮ್ಮನ್ನು ಆಟದಿಂದ ಹೊರಗೆ ಹಾಕುತ್ತಾರೆ, ನೀನು ಟೀ ಲೋಟದ ಜೊತೆ ಆಡಿದ್ದೆಲ್ಲ ನನ್ನಿಂದ ದಂಡವಾಗುತ್ತೆ ಅಂತಲೇ ಬಂದಿದ್ದೆ.

ಅವನು ಬಗ್ಗಿ ನೋಡಿದ. "ಮೇಡಂ, ಇದು ಯಾವ ಪೇಂಟು?"

"ಪೇಂಟ್ ಅಲ್ಲ. ಅರಿಶಿನ."

"ಹಣೇಲಿ?"

"ಕುಂಕುಮ. ಸೊಂಟಕ್ಕೆ ವಿಭೂತಿ."

ಅವನು ಬೆರಳು ಮಡಚಿದ. "ಹಳದಿ, ಕೆಂಪು, ಬಿಳಿ. ಮೂರಾಯ್ತು. ಬುಡದಲ್ಲೂ ಕಲ್ಲು ಮಣ್ಣು ಏನಾದ್ರೂ ಅಂಟಿಸಿರಬೇಕು ಅಂತ ನಿಯಮ ಇದೆ ಮೇಡಂ."

"ಅಕ್ಷತೆ ಅಂಟಿದೆ ನೋಡಿ."

"ಸರಿ," ಅಂದ. ಗುರುತು ಹಾಕಿಕೊಂಡು ಮುಂದಿನ ಮೇಜಿಗೆ ಹೋದವನು ಮತ್ತೆ ತಿರುಗಿ ಬಂದು, "ಒಂದು ಫೋಟೋ ತಗೊಳ್ಲಾ?" ಅಂತ ಕೇಳಿದ. ನಮ್ಮ ಅತ್ತೆಯನ್ನು ಕೇಳಬೇಕು ಅಂದೆ. ನೀನು ಬಂದಾಗ ಸುಮ್ಮನೆ ನಗುತ್ತಿದ್ದೆನಲ್ಲ, "ಏನೇ, ದಾಳಕ್ಕೆ ಮೇಣ ಹಚ್ಚಿದ್ದೀಯಾ" ಅಂತ ಕೇಳಿದೆಯಲ್ಲ, ಅದು ಇದಕ್ಕೆ.

ಎರಡನೆಯದು, ಯಾರಿಗೂ ಹೇಳಿಲ್ಲ. ಮೂರನೇ ಆಟದಲ್ಲಿ ಆ ಹುಬ್ಬಳ್ಳಿ ಜೋಡಿ ನಿನ್ನ ಎತ್ತುಗಳನ್ನು ಮೂಲೆಗೆ ಒತ್ತಿದಾಗ ನಾನು ಕುದುರೆಗಳನ್ನು ಸುತ್ತು ಹಾಕಿಸಿ ತಂದೆನಲ್ಲ. ಟೇಪು ಹಿಡಿದು, ಅಳೆದು, ದಾಳ ಹಾಕಿ, ಮತ್ತೆ ಅಳೆದು. ಆ ಸರದಿ ಮುಗಿದ ಮೇಲೆ ತಲೆಯೆತ್ತಿದೆ. ಆಗ ನೆನಪಾಯಿತು, ನನಗೊಬ್ಬಳು ಮಗಳಿದ್ದಾಳೆ ಅಂತ. ನೋಡಿದರೆ ಊಟದ ಸಾಲಿನ ಕೊನೆಯ ಬೆಂಚಿನಲ್ಲಿ ಅತ್ತೆಯ ಭುಜದ ಮೇಲೆ ಇದ್ದಳು. ಊಟದೆಲೆಯ ಕೆಳಗೆ ಹಾಸುವ ಪೇಪರ್ ರೋಲಿನ ತುದಿ ಅವಳ ಕೈಯಲ್ಲಿತ್ತು. ಅಷ್ಟು ಹೊತ್ತು ನಾನು ನೋಡಿರಲಿಲ್ಲ, ಅವಳು ಉಸಿರಾಡಿಕೊಂಡೇ ಇದ್ದಳು.

ಉಚ್ಚಂಗಮ್ಮ ಸತ್ತದ್ದು ಅದಾದ ಮೇಲೆ. ನೀನು ಎಂದಿನಂತೆ ಅವಳನ್ನು ಮೇಜಿನ ಅಂಚಿನಲ್ಲಿ ನಿಲ್ಲಿಸಿ ನೀರು ಕುಡಿಯಲು ಹೋದೆ. ಅತ್ತೆ ಹತ್ತಿರ ಬಂದರು.

"ಯಾಕೆ ಹೊರಗಿಟ್ರಿ?"

"ಸತ್ತಳು ಅತ್ತೆ."

"ಸತ್ತೋಳನ್ನ ನಿಲ್ಸೀರಲ್ಲ?"

"ನಮ್ಮಲ್ಲಿ ಹಂಗೇ."

ಅತ್ತೆ ಆ ಸಾಲು ಪೂರ್ತಿ ನೋಡಿದರು. ಹಂದಿಯೆತ್ತು, ಬಿಲ್ಲುಗಾರ, ಡೋಲಿನವ, ಕೊನೆಗೆ ಉಚ್ಚಂಗಮ್ಮ. "ನಮ್ಮಲ್ಲೂ ಹಂಗೇ," ಅಂದರು.

ಒಂದು ಗೆದ್ದೆವು, ಎರಡು ಸೋತೆವು. ಹಾಸ್ಟೆಲ್ ದಿನಗಳ ಲೆಕ್ಕಕ್ಕೆ ಇದು ದಿಗ್ವಿಜಯ.

ಇನ್ನು ಬಸ್ಸಿನ ಕತೆ. ಶಿವಮೊಗ್ಗ ದಾಟಿದ್ದು ನೆನಪಿಲ್ಲ. ನಾನು ಮಲಗಿಬಿಟ್ಟಿದ್ದೆ ನಾಗೀ, ಕೂತಲ್ಲೇ, ಬಾಯಿ ಬಿಟ್ಟುಕೊಂಡು. ಎಚ್ಚರವಾದಾಗ ಬಸ್ಸು ನಮ್ಮ ಸ್ಟ್ಯಾಂಡಿನೊಳಗೆ ತಿರುಗುತ್ತಿತ್ತು. ಅತ್ತೆಯೂ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದರು. ಅವರ ಸೆರಗಿನ ಗಂಟು ಬಿಚ್ಚಿತ್ತು. ಪುಟ್ಟಿ ಅವರ ಮಡಿಲಲ್ಲಿ ಕೂತು, ಉಚ್ಚಂಗಮ್ಮನ ಸೋಡಾ ಮುಚ್ಚಳವನ್ನು ಎರಡೂ ಕೈಲಿ ಹಿಡಿದು, ಆ ಎತ್ತಿದ ಕೈಯನ್ನು ಬಾಯಿಗಿಟ್ಟು ಚೀಪುತ್ತಿದ್ದಳು.

ಎರಡು ತಿಂಗಳಿಂದ ಕಣ್ಣು ಮುಚ್ಚಿದರೆ ಕಾಣುತ್ತಿದ್ದದ್ದು ಇದೇ. ನಾನು ಕಿರುಚಲಿಲ್ಲ. ಬೆರಳು ಹಾಕಿ ಮೆಲ್ಲಗೆ ಬಿಡಿಸಿದೆ. ಅವಳು ಅತ್ತಳು, ಅಳಲಿ ಅಂತ ಬಿಟ್ಟೆ. ಕೈ ನೋಡಿದೆ. ಇತ್ತು, ಬಳೆ ಸಮೇತ. ನೀನು ಹಾಕಿದ ತಂತಿ ಗಟ್ಟಿಯಾಗೇ ಇದೆ ಕಣೇ. ಅರಿಶಿನ ಮಾತ್ರ ಅಷ್ಟೂ ಪುಟ್ಟಿಯ ತುಟಿಗೂ ಗಲ್ಲಕ್ಕೂ ಬಂದಿತ್ತು. ಸೆರಗಿನಲ್ಲಿ ಒರೆಸಿದೆ, ಅತ್ತೆಯನ್ನು ಎಬ್ಬಿಸಿದೆ, ಇಳಿದೆವು.

ಹಾಗಾಗಿ ಈಗ ಉಚ್ಚಂಗಮ್ಮನ ಮೈಮೇಲೆ ಎರಡೇ ಬಣ್ಣ. ಮೇಜಿಗೆ ಬಿಡುವ ಹಾಗಿಲ್ಲ. ಅತ್ತೆಗೆ ವಿಷಯ ತಿಳಿಸಿದ್ದೇನೆ, ಒಳಗೆ ಅರಿಶಿನ ಕಲಸುತ್ತಿದ್ದಾರೆ.

ನಿನ್ನ
ಸ್ಪಂದೂ